ಹಿಂದಿನ ಕೋಣೆಯ ಮೂವರು

ಟೈಲರಮ್ಮನ ಮನೆಯಲ್ಲಿ ಇದ್ದವರು ಮೂವರು: ಆಕೆ, ಕಟಿಂಗ್ ಮಾಸ್ಟರ್ ಆಗಿದ್ದ ಆಕೆಯ ಗಂಡ, ಕಾಲೇಜು ಮುಗಿಸುತ್ತಿದ್ದ ಮಗಳು. ಹಿಂದಿನ ಕೋಣೆಯಲ್ಲಿ ಇನ್ನೂ ಮೂವರಿದ್ದರು. ಅವರಿಗೆ ತಲೆ ಇರಲಿಲ್ಲ, ಕಾಲೂ ಇರಲಿಲ್ಲ. ಆದರೂ ಮನೆಯಲ್ಲಿ ನಡೆಯುತ್ತಿದ್ದದ್ದು ಅವರ ಮಾತೇ.

ಗಾಬರಿಯಾಗಬೇಡಿ, ಅವು ಬಟ್ಟೆಗಳು. ಮುಖ್ಯರಸ್ತೆಯಲ್ಲಿ ಸ್ವಂತ ಅಂಗಡಿ ತೆರೆಯುವ ದಿನ ಗಂಡ ಹಾಕಿಕೊಳ್ಳಲೆಂದು ಒಂದು ಕಪ್ಪು ಕೋಟು. ಮಗಳು ನರ್ಸ್ ಆಗುವ ದಿನಕ್ಕೆ ಬಿಳಿ ಸಮವಸ್ತ್ರ. ಆ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂರಲು ತನಗೊಂದು ನೀಲಿ ಗೌನು. ಮಗಳಿನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದಾಗಲೇ, ದೊಡ್ಡವಳಾದಾಗ ಇಷ್ಟಿರುತ್ತಾಳೆ ಎಂದು ಕಣ್ಣಳತೆಯಲ್ಲೇ ಕತ್ತರಿಸಿ, ಮೂರನ್ನೂ ಹೊಲಿದು ನೇತುಹಾಕಿದ್ದಳು. ಮನೆಯವರ ಮುಂದಿನ ಯೋಜನೆ ಅಂದರೆ ಅದೇ.

ಊರವರ ಬಟ್ಟೆ ಹೊಲಿಯುವಾಗ ಟೈಲರಮ್ಮ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದಳು. ನಾಳೆ ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಬೇಕಲ್ಲ! ಆದರೆ ಈ ಮೂರರಲ್ಲಿ ಮಾತ್ರ ಒಳಗಿನ ಬಟ್ಟೆಯನ್ನು ಹೊಲಿಗೆಯ ಅಂಚಿಗೇ ಕತ್ತರಿಸಿಬಿಟ್ಟಿದ್ದಳು. ಬಟ್ಟೆ ಸಡಿಲವಾದರೆ ಮನಸ್ಸೂ ಸಡಿಲವಾಗುತ್ತದೆ ಎಂಬುದು ಆಕೆಯ ಲೆಕ್ಕ. ಕೆಟ್ಟ ಹೆಂಗಸಲ್ಲ, ಪಾಪ. ಹಟ ಸ್ವಲ್ಪ ಜಾಸ್ತಿ, ಅಷ್ಟೆ.

ವರ್ಷಗಳು ಸುಮ್ಮನೆ ಕೂರಲಿಲ್ಲ. ಗಂಡನ ಬಲಗೈ ನಡುಗತೊಡಗಿತು. ಕತ್ತರಿ ಗೆರೆ ಬಿಟ್ಟು ಅಡ್ಡಾದಿಡ್ಡಿ ಓಡುತ್ತಿತ್ತು. ಮುಖ್ಯರಸ್ತೆಯ ತುಂಬ ಸಿದ್ಧ ಉಡುಪಿನ ಅಂಗಡಿಗಳು ಬಂದವು. ಮಗಳು ರಕ್ತ ಕಂಡರೆ ಕಣ್ಣು ಕತ್ತಲೆ ಬಂದು ಕೂತುಬಿಡುವಳು, ಆದರೆ ಕೆಟ್ಟ ಹೊಲಿಗೆ ಯಂತ್ರವನ್ನು ಬಿಚ್ಚಿ ಎಣ್ಣೆ ಬಿಟ್ಟು ಓಡಿಸುವುದರಲ್ಲಿ ನಿಸ್ಸೀಮಳು. ಯಾರು ಏನೇ ಹೇಳಲು ಬಾಯಿ ತೆರೆದರೂ ಟೈಲರಮ್ಮ ಹಿಂದಿನ ಕೋಣೆಯತ್ತ ಬೆರಳು ತೋರಿಸುವಳು. ಅಲ್ಲಿಗೆ ಮಾತು ಮುಗಿಯಿತು.

ಸಂಜೆ ಬೆಳಕು ಮಬ್ಬಾಗುವ ಹೊತ್ತಿಗೆ ಆಕೆ ಆ ಬಟ್ಟೆಗಳ ಧೂಳು ಕೊಡವುತ್ತಿದ್ದಳು. ಒಂದು ಸಂಜೆ ಗೋಡೆಗೆ ಮುಖಮಾಡಿ ತೂಗುಹಾಕಿದ್ದ ಕೋಟು ಬಾಗಿಲ ಕಡೆ ತಿರುಗಿತ್ತು. ಗಾಳಿ ಇರಬೇಕು ಎಂದುಕೊಂಡಳು. ಆ ಕೋಣೆಗೆ ಕಿಟಕಿಯೇ ಇಲ್ಲ ಎಂಬುದು ಆಮೇಲೆ ನೆನಪಾಯಿತು.

ಮತ್ತೊಂದು ಸಂಜೆ ಕೋಟಿನ ಎದೆ ತುಂಬಿಕೊಂಡಂತೆ ಕಂಡಿತು. ಮುಟ್ಟಿದರೆ ಬೆಚ್ಚಗಿತ್ತು. ಅದೇ ದಿನ ಊಟಕ್ಕೆ ಕೂತ ಗಂಡನ ಅಂಗಿ ಅವನ ಹೆಗಲಿನಿಂದ ಜಾರುತ್ತಿತ್ತು. ತಾನೇ ಬಿಚ್ಚಿಟ್ಟಿದ್ದ ಬಿಳಿ ಸಮವಸ್ತ್ರದ ಗುಂಡಿಗಳು ಮರುದಿನ ಕತ್ತಿನವರೆಗೆ ಹಾಕಿಕೊಂಡಿದ್ದವು. ಟೈಲರಮ್ಮ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಇವನ್ನೆಲ್ಲ ತೆಗೆದುಹಾಕು ಅಂದುಬಿಟ್ಟಾರು ಎಂಬ ಭಯ.

ಅದೇ ಬೀದಿಯಲ್ಲಿ ಬೇಕರಿ ನಡೆಸುತ್ತಿದ್ದ ಆಕೆಯ ಅಕ್ಕ ಸಂಜೆ ಬಿಸಿ ಬ್ರೆಡ್ ಹಿಡಿದು ಬರುವುದು ರೂಢಿ. ಮಹಿಳಾ ಸಂಘದಲ್ಲಿ ವ್ಯಾಪಾರದ ತರಬೇತಿ ಪಡೆದವಳು, ನಾಲ್ಕು ಜನಕ್ಕೆ ದಾರಿ ಹೇಳುವವಳು. ಒಂದು ದಿನ ಬಂದವಳು ಮನೆಯವರ ಮುಖ ನೋಡಿ ಹೇಳಿದಳು:

"ಏನೇ ಇದು, ಎಲ್ಲರೂ ಹೀಗೆ ಸೊರಗಿದ್ದೀರಾ? ನಿನ್ನ ಗಂಡನ ಕೈ ನೋಡು. ಆ ಮುಖ್ಯರಸ್ತೆ ಅಂಗಡಿ ವಿಚಾರ ಇನ್ನೊಂದ್ಸಲ ಯೋಚನೆ ಮಾಡಬಾರದಾ?"

"ಅಕ್ಕ, ಪ್ಲಾನ್ ಅಂದ್ಮೇಲೆ ಪ್ಲಾನ್. ಒಂದು ನೂಲೂ ಆಚೀಚೆ ಆಗಬಾರದು. ದಿನಕ್ಕೊಂದು ಮಾತಾಡೋರು ಎಲ್ಲಿ ಉದ್ಧಾರ ಆಗಿದ್ದಾರೆ?"

"ಪ್ಲಾನ್ ಬೇಡ ಅಂದ್ನಾ ನಾನು? ದಿನಾ ಬ್ರೆಡ್ ಮಾಡ್ಬೇಕು ಅನ್ನೋದು ನನ್ನ ಪ್ಲಾನು. ಚಳಿ ಇದ್ರೆ ಹಿಟ್ಟು ನಿಧಾನಕ್ಕೆ ಉಬ್ಬುತ್ತೆ. ಆಗ ಗಡಿಯಾರ ನೋಡಿ ಒಲೆಗಿಟ್ರೆ ಕಲ್ಲಾಗುತ್ತೆ. ಅದಕ್ಕೇ ಹಿಟ್ಟನ್ನ ನೋಡ್ತೀನಿ. ಹಾಗಂತ ಬ್ರೆಡ್ ಮಾಡೋದು ಬಿಟ್ನಾ?"

"ಹಿಟ್ಟೇ ಬೇರೆ, ಬದುಕೇ ಬೇರೆ ಬಿಡಕ್ಕ," ಎಂದು ಟೈಲರಮ್ಮ ಚಹಾ ಸೋಸಲು ಎದ್ದಳು.

ಚಹಾಕ್ಕೆ ಮಗಳನ್ನು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. ಹಿಂದಿನ ಕೋಣೆಯಿಂದ ಬಟ್ಟೆ ಸರಸರ ಉಜ್ಜಿದ ಸದ್ದು ಬಂತು.

ಹೋಗಿ ನೋಡಿದರೆ ಕಂಬಿಯಲ್ಲಿ ಎರಡೇ ಬಟ್ಟೆ. ಕಿಟಕಿಯಿಲ್ಲದ ಆ ಮಬ್ಬಿನಲ್ಲಿ ಬಿಳಿ ಸಮವಸ್ತ್ರ ಕೋಣೆಯ ನಡುವೆ ಬೆನ್ನು ತೋರಿಸಿಕೊಂಡು ನೆಟ್ಟಗೆ ನಿಂತಿತ್ತು. ಬಟ್ಟೆಯೇ ಕೆಳಗಿಳಿದು ಬಂದಿದೆ ಎಂದುಕೊಂಡ ಟೈಲರಮ್ಮನ ಕೈಯಿಂದ ಲೋಟ ಬಿತ್ತು. ಅದು ಮೆಲ್ಲನೆ ತಿರುಗಿತು. ಒಳಗೆ ಮಗಳಿದ್ದಳು. ತುಟಿ ನೀಲಿಗಟ್ಟಿತ್ತು, ತೋಳು ಎತ್ತಲಾಗುತ್ತಿರಲಿಲ್ಲ.

"ಅಮ್ಮಾ... ನಾನು ಹಾಕ್ಕೊಳ್ಳಲಿಲ್ಲ. ಸುಮ್ನೆ ಮುಟ್ಟಿದೆ, ಅಷ್ಟೇ."

ಟೈಲರಮ್ಮ ಗುಂಡಿಗಳಿಗೆ ಕೈ ಹಾಕಿದಳು, ಒಂದೂ ಜಗ್ಗಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡೋಣವೆಂದರೆ ಒಳಗೆ ಬಿಟ್ಟ ಬಟ್ಟೆಯೇ ಇಲ್ಲ. ಎಲ್ಲ ಅವಳೇ ಕತ್ತರಿಸಿ ಎಸೆದದ್ದು! ಮಗಳ ಉಸಿರು ಸಣ್ಣಗಾಗುತ್ತಾ ಬಂತು.

"ಕತ್ತರಿ ತಗೊಳ್ಳೇ!" ಅಕ್ಕ ಕಿರುಚಿದಳು.

ಗಂಡ ಕತ್ತರಿ ತಂದ. ಆದರೆ ಅವನ ಕೈ ನಡುಗುತ್ತಿತ್ತು, ಜಾಗ ಮಗಳ ಕತ್ತು. "ನಾನು ಬಟ್ಟೆ ಎತ್ತಿ ಹಿಡ್ಕೋತೀನಿ, ನೀನು ಕತ್ತರಿಸು," ಎಂದು ಅವನು ಎಡಗೈ ಬೆರಳನ್ನು ಕಾಲರಿನೊಳಗೆ ತೂರಿಸಿದ. ಟೈಲರಮ್ಮ ಒಂದು ಗಳಿಗೆ ತಡೆದಳು. ಅಷ್ಟು ವರ್ಷದ ಆಸೆ ಅದು, ಸುಳ್ಳೇಕೆ ಹೇಳಬೇಕು? ಮಗಳ ಕಣ್ಣು ಮೇಲಕ್ಕೆ ಹೊರಳಿತು. ಆಕೆ ಕಾಲರಿನಿಂದ ಅಂಚಿನವರೆಗೆ ಒಂದೇ ಸಮನೆ ಕತ್ತರಿಸಿದಳು. ಆಗ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಆ ಉಸಿರು ಮಗಳದ್ದಲ್ಲ. ಕಂಬಿಯ ಮೇಲಿನ ಕೋಟಿನ ಎದೆ ನಿಧಾನವಾಗಿ ಚಪ್ಪಟೆಯಾಯಿತು.

ಮಗಳಿಗೆ ನೀರು ಕುಡಿಸಿ, ಎಲ್ಲರೂ ಮುಂದಿನ ಕೋಣೆಯ ಕಟಿಂಗ್ ಮೇಜಿನ ಸುತ್ತ ಕೂತರು. ಟೈಲರಮ್ಮ ಮಗಳ ಕೈ ಬಿಟ್ಟಿರಲಿಲ್ಲ. ಬಿಕ್ಕುತ್ತಾ, "ಹಾಗಾದ್ರೆ ಎಲ್ಲಾ ಬಿಟ್ಟುಬಿಡಬೇಕಾ, ಅಕ್ಕ?" ಎಂದು ಕೇಳಿದಳು.

"ಯಾಕೆ ಬಿಡ್ತೀಯಾ? ಸ್ವಂತ ಅಂಗಡಿ ಬೇಕು, ಮಗಳು ತನ್ನ ಕಾಲ ಮೇಲೆ ನಿಲ್ಲಬೇಕು. ಅದು ಹಾಗೇ ಇರಲಿ. ಹೋಗೋ ದಾರಿ ಮಾತ್ರ ಬದಲಾಗಬಹುದು. ಊರವರ ಬಟ್ಟೆಗೆ ಬಿಡೋ ಎರಡು ಬೆರಳು ನಿನ್ನ ಮನೆಯವರಿಗೂ ಬಿಡು. ಮೊದಲು ಅವರನ್ನ ಕೇಳು."

ಅಷ್ಟು ವರ್ಷದಲ್ಲಿ ಮೊದಲ ಸಲ ಟೈಲರಮ್ಮ ಕೇಳಿದಳು. ಮಗಳು ಹೇಳಿದಳು: "ನಂಗೆ ಯಂತ್ರ ರಿಪೇರಿ ಕಲೀಬೇಕು ಅಂತ ಆಸೆ, ಅಮ್ಮ. ಆರು ತಿಂಗಳು ನೋಡ್ತೀನಿ. ಆಗಲಿಲ್ಲ ಅಂದ್ರೆ ಬೇರೆ ದಾರಿ ಹುಡುಕೋಣ."

ಗಂಡ ತನ್ನ ಕೈಯನ್ನೇ ನೋಡುತ್ತಾ ಹೇಳಿದ: "ಕತ್ತರಿ ಹಿಡಿಯೋಕೆ ಇನ್ನು ನನ್ನಿಂದಾಗಲ್ಲ ಕಣೇ. ಅಳತೆ ತಗೋತೀನಿ, ಗಿರಾಕಿಗಳ ಹತ್ರ ಮಾತಾಡ್ತೀನಿ."

"ಬಾಯಿಗೇನೂ ನಡುಕ ಬಂದಿಲ್ಲ ಬಿಡಿ," ಎಂದು ಅಕ್ಕ ನಕ್ಕಳು.

"ನಿಮ್ಮ ತಂಗಿ ಜೊತೆ ಬಾಳ್ವೆ ಮಾಡಿಯೂ ಉಳಿದಿದೆ ಅತ್ತಿಗೆ, ಗಟ್ಟಿ ಇರಬೇಕು," ಎಂದ ಅವನು. ಟೈಲರಮ್ಮನಿಗೂ ಅಳುವಿನ ನಡುವೆ ನಗು ಬಂತು.

ಅಕ್ಕ ಮೇಜಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಬೇಕಾದರೆ ಒರೆಸಿ ಮತ್ತೆ ಎಳೆಯಬಹುದು ಎಂದು. ಸಿದ್ಧ ಉಡುಪು ಕೊಂಡವರಿಗೆ ಉದ್ದಗಿಡ್ಡ ಸರಿಮಾಡಿ ಕೊಡುವವರು ಬೇಕೇ ಬೇಕು. ಆ ಕೆಲಸವನ್ನು ಮನೆಯ ಮುಂದಿನ ಕೋಣೆಯಲ್ಲೇ ಶುರು ಮಾಡುವುದು. ಕೈ ಹಿಡಿದರೆ ಚಿಕ್ಕ ಅಂಗಡಿ, ಆಮೇಲೆ ದೊಡ್ಡದು. ಕಾಯಿಲೆ ಕಸಾಲೆಗೆಂದು ಸ್ವಲ್ಪ ಹಣ, ಸ್ವಲ್ಪ ಸಮಯ ಎತ್ತಿಡುವುದು. ಮೂರು ತಿಂಗಳಿಗೊಮ್ಮೆ ಇದೇ ಮೇಜಿನ ಸುತ್ತ ಕೂತು, ಎಲ್ಲಿ ಬಿಗಿಯಾಗಿದೆ ಎಂದು ಪರಸ್ಪರ ಕೇಳಿಕೊಳ್ಳುವುದು.

ಈಗ ಆ ಮುಂದಿನ ಕೋಣೆಯಲ್ಲಿ ಗಿರಾಕಿಗಳಿಗೆ ಕೂರಲು ಜಾಗವಿಲ್ಲ. ಕೋಟಿಗೆ ಟೈಲರಮ್ಮ ಎರಡೂ ಬದಿಗೆ ಹೊಸ ಪಟ್ಟಿ ಕೊಟ್ಟು ಹೊಲಿದಳು. ಮತ್ತೆ ಮೈ ತುಂಬಿಕೊಂಡ ಗಂಡ ಅದನ್ನು ಹಾಕಿಕೊಂಡೇ ಅಳತೆ ತೆಗೆಯುತ್ತಾನೆ. ಮಗಳು ಬೀದಿಯ ಯಂತ್ರಗಳನ್ನೆಲ್ಲ ಬಿಚ್ಚಿ ಹಾಕಿಕೊಂಡು ಕೂತಿರುತ್ತಾಳೆ. ನೀಲಿ ಗೌನಿನ ವಿಷಯ ಮಾತ್ರ ಕೇಳಬೇಡಿ. ಕಂಬಿಯಿಂದ ಇಳಿಸಲು ಹೋದಾಗ ಅದರ ತೋಳು ಟೈಲರಮ್ಮನ ಮಣಿಕಟ್ಟನ್ನು ಸುತ್ತಿಕೊಂಡಿತ್ತಂತೆ. ಅಲ್ಲೇ ನಿಂತು ಒಂದೊಂದೇ ಹೊಲಿಗೆ ಬಿಚ್ಚಿದಳಂತೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎಂದೋ ಹೊಲಿದಿಟ್ಟ ಇಂಥದ್ದೊಂದು ಯೋಜನೆ ಇರಬಹುದು. ಮಕ್ಕಳದ್ದೋ, ಅಂಗಡಿಯದ್ದೋ, ನಿಮ್ಮದೇ ಒಂದು ಆಸೆಯದ್ದೋ. ಅದನ್ನು ಎಸೆಯಬೇಡಿ. ಇವತ್ತು ಸಂಜೆ ದೀಪ ಹಾಕಿ, ಹೊರಗೆ ತೆಗೆದು ನೋಡಿ. ಅದನ್ನು ಹಾಕಿಕೊಳ್ಳಬೇಕಾದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಮಾತು ಕೇಳಿ: "ಇದರೊಳಗೆ ನಿಂಗೆ ಉಸಿರಾಡೋಕೆ ಆಗುತ್ತಾ?"