ಗುಂಡನ ಹೊಟ್ಟೆನೋವು

ಪರದೇಶಕ್ಕೆ ಓದಲು ಬಂದ ನಮ್ಮ ಮಕ್ಕಳ ಆ ಆನ್‌ಲೈನ್ ಗುಂಪಿನಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದವಳು ಹೇಳಿದ್ದೇ ಮಾತು. ನರ್ಸಿಂಗ್ ಓದುವ ಹುಡುಗಿ, ಅದೂ ಮೊದಲನೆಯ ವರ್ಷ. ಆದರೂ ಯಾರಿಗೆ ಜ್ವರ ಬರಲಿ, ಮನೆ ನೆನಪಾಗಿ ಅಳು ಬರಲಿ, ಎಲ್ಲರೂ ಕೇಳುತ್ತಿದ್ದುದು ಅವಳನ್ನೇ. ಅವಳಿಗೂ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು? ತರಗತಿಯಲ್ಲಿ ಬಾಯಿ ಬಿಡಲು ಹೆದರುವವಳು ಇಲ್ಲಿ ಅರ್ಧ ಡಾಕ್ಟರು.

ಹಾಗಾಗಿ ಗುಂಪಿನವರೆಲ್ಲ ಮುದ್ದಿನಿಂದ ಗುಂಡ ಎನ್ನುತ್ತಿದ್ದ ಹುಡುಗ, ‘ಅಕ್ಕಾ, ಹೊಟ್ಟೆ ಬಲಗಡೆ ಕೆಳಗೆ ಹಿಂಡ್ತಿದೆ, ತಡ್ಕೊಳಕ್ಕಾಗ್ತಿಲ್ಲ, ಆಸ್ಪತ್ರೆಗೆ ಹೋಗ್ಲಾ?’ ಎಂದು ಬರೆದಾಗ ಅವಳು ಚೂರೂ ಯೋಚಿಸಲಿಲ್ಲ.

‘ಅಲ್ಲಿ ಹೋಗಿ ದಿನವಿಡೀ ಕಾಯ್ತೀಯಾ? ಗ್ಯಾಸ್ ಕಣೋ. ಬಿಸಿನೀರು ಕುಡ್ದು ಮಲ್ಕೋ.’

ಹೇಳಿದ ಮಾತು ಕೇಳುವ ಹುಡುಗ, ಪಾಪ. ಮಲಗಿದ.

ಮರುದಿನ ಬೆಳಿಗ್ಗೆ ಅವನೇ ಬರೆದ: ‘ನೋವು ಒಂದೇ ಸಲಕ್ಕೆ ಮಾಯ ಅಕ್ಕಾ! ಸ್ವಲ್ಪ ಚಳಿ ಅಷ್ಟೇ. ಇನ್ನೊಂದು ನಿದ್ದೆ ಮಾಡ್ತೀನಿ.’

ಗುಂಪಿಗೆ ಗುಂಪೇ ಕುಣಿಯಿತು. ಅಕ್ಕನ ಕೈಗುಣ ಅಂದರೆ ಸುಮ್ನೇನಾ ಎಂದರು. ಅವಳು ಉಬ್ಬಿಹೋದಳು.

ಮಧ್ಯಾಹ್ನದ ಪಾಠದಲ್ಲಿ ಮೇಡಂ ರಬ್ಬರ್ ಗೊಂಬೆಯ ಹೊಟ್ಟೆ ತೆರೆದು, ಬಲಗಡೆ ಬೆರಳಿನಂತೆ ಜೋತುಬಿದ್ದ ಕರುಳಿನ ತುಂಡೊಂದನ್ನು ತೋರಿಸಿದರು. ‘ಇದು ಊದಿಕೊಂಡ್ರೆ ಜೀವ ಹೋಗೋ ನೋವು. ಆ ನೋವು ಇದ್ದಕ್ಕಿದ್ದಂಗೆ ನಿಂತ್ರೆ ಮಾತ್ರ ಖುಷಿ ಪಡ್ಬೇಡಿ. ಒಡೆದಿರಬಹುದು. ಒಳಗೆಲ್ಲ ನಂಜು ಹರಡ್ತಿರುತ್ತೆ.’

ಅವಳು ಎದ್ದು ಹೊರಗೋಡಿದಳು. ಗುಂಡನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಕೊನೆಗೆ ಆಂಬುಲೆನ್ಸಿಗೆ.

‘ಹುಡುಗನ ಹೆಸರೇನು? ಎಲ್ಲಿದ್ದಾನೆ?’ ಆ ಕಡೆಯ ಹೆಂಗಸು ಕೇಳಿದಳು.

ಅಯ್ಯೋ ದೇವರೇ. ಅವನ ಅಮ್ಮನಿಗೆ ಮಂಡಿನೋವು, ತಂಗಿ ಗಣಿತದಲ್ಲಿ ದಡ್ಡಿ, ಕತ್ತಲೆಂದರೆ ಅವನಿಗೆ ಭಯ, ಎಲ್ಲ ಗೊತ್ತು ಅವಳಿಗೆ. ಹೆಸರು ಗೊತ್ತಿಲ್ಲ. ಯಾವ ಪಟ್ಟಣ ಎಂಬುದೂ ಗೊತ್ತಿಲ್ಲ. ಅವನ ಫೋನ್ ನಂಬರು ಇನ್ನೂ ನಮ್ಮ ದೇಶದ್ದೇ.

ಗುಂಪಿಗೆ ಬರೆದಳು: ‘ಗುಂಡ ಎಲ್ಲಿರೋದು? ಎಷ್ಟು ಸಲ ಫೋನ್ ಮಾಡಿದ್ರೂ ಎತ್ತುತ್ತಿಲ್ಲ. ಬೇಗ ಹೇಳ್ರೋ!’

‘ನಿಮ್ಮ ಕಾಲೇಜೇ ಅಲ್ವಾ?’

‘ನಾನು ಅವನನ್ನ ನಿನ್ನ ಸ್ವಂತ ತಮ್ಮ ಅಂದ್ಕೊಂಡಿದ್ದೆ.’

‘ಎಷ್ಟೊಂದು ಸಲ ಫೋನ್ ಮಾಡ್ತೀಯಾ ಅಕ್ಕಾ? ನೋವು ಹೋಗಿ ಈಗ ತಾನೇ ನಿದ್ದೆ ಹತ್ತಿರುತ್ತೆ. ಎಬ್ಬಿಸ್ಬೇಡ, ಪಾಪ.’