ಮೊದಲನೇ ಗ್ಲಾಸು

"ಗುಂಡಿ ಬಿಚ್ಚಬೇಡ್ರೀ, ಸಮುದ್ರದ ಗಾಳಿ ಸುಮ್ಮನೆ ಬಿಡಲ್ಲ," ಎನ್ನುತ್ತ ಅವಳು ಮತ್ತೊಮ್ಮೆ ಗಂಡನ ಸ್ವೆಟರಿನ ಗುಂಡಿ ಹಾಕಿದಳು. ಅವನು ಮತ್ತೊಮ್ಮೆ ಬಿಚ್ಚಿದ. ಅವಳ ಎಡ ಮಣಿಕಟ್ಟಿಗೆ ಇನ್ನೂ ಪಟ್ಟಿ ಇತ್ತು. ಒಂದೇ ಕೈಯಲ್ಲಿ, ಅದೂ ಓಡುವ ಬಸ್ಸಿನಲ್ಲಿ, ಗುಂಡಿ ಹಾಕುವುದು ಹುಡುಗಾಟದ ಮಾತಲ್ಲ. ಕಂದು ಬಣ್ಣದ ಆ ಸ್ವೆಟರನ್ನು ಹೆಣೆದವಳು ಅವಳೇ. ಮೊಣಕೈ ಸವೆದಾಗ ಸಿಕ್ಕ ಉಲ್ಲನ್ನಿನಲ್ಲಿ ಹಸಿರು ತೇಪೆ ಹಾಕಿದವಳೂ ಅವಳೇ.

"ಈ ಬಸ್ಸು ಎಲ್ಲಿಗೆ ಹೋಗುತ್ತೆ?" ಎಂದು ಅವನು ಕೇಳಿದ.

"ನಿಮ್ಮ ಬಸ್ಸೇ ಕಣ್ರೀ. ಬೆಳಗ್ಗೆ ಸಮುದ್ರ, ಮಧ್ಯಾಹ್ನ ವೈನು, ಸಂಜೆ ವಾಪಸ್ಸು. ಜೀವಮಾನವೆಲ್ಲ ನೀವು ಓಡಾಡಿದ ದಾರಿ."

"ಹೌದಾ," ಎಂದು ಅವನು ಸಭ್ಯವಾಗಿ ನಕ್ಕ. ಪಕ್ಕದ ಸೀಟಿನ ಅಪರಿಚಿತ ಹೆಂಗಸು ಮಾತಿಗೆಳೆದರೆ ಜನ ನಗುತ್ತಾರಲ್ಲ, ಆ ನಗು. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೈದರೆ ತಿರುಗಿ ಬೈಯಬಹುದು. ಈ ಮರ್ಯಾದೆಗೆ ಏನು ಮಾಡುವುದು?

ಪ್ರವಾಸಿ ಬಸ್ಸಿನ ಗೈಡಾಗಿದ್ದ ಅವನನ್ನು ಊರೆಲ್ಲ ಮೈಕಣ್ಣ ಎನ್ನುತ್ತಿತ್ತು. ಕೈಗೆ ಮೈಕು ಬಂದರೆ ಬಂಡೆಗಲ್ಲನ್ನೂ ನಗಿಸುತ್ತಾನೆ ಎಂದು ಹೆಸರಿತ್ತು. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಇಡೀ ದಿನ ಮಾತಾಡಿ ಗಂಟಲು ಬತ್ತಿಹೋಗಿದೆ ಎನ್ನುತ್ತ ಊಟ ಮಾಡಿ ಮಲಗುತ್ತಿದ್ದ. ನಾನೂ ಒಂದು ಸಲ ಬರುತ್ತೇನೆ ಎಂದು ಹೊಸದರಲ್ಲಿ ಅವಳು ಕೇಳಿದ್ದುಂಟು. "ಅದೇ ಸಮುದ್ರ, ಅದೇ ದ್ರಾಕ್ಷಿ. ಏನಿದೆ ಅಲ್ಲಿ?" ಎಂದಿದ್ದ. ಆಮೇಲೆ ಮಗಳು ಹುಟ್ಟಿದಳು, ಮನೆಯಲ್ಲೇ ಹೊಲಿಗೆ ಶುರುವಾಯಿತು, ಶಾಲೆಯ ಯೂನಿಫಾರ್ಮುಗಳು ರಾಶಿ ಬಿದ್ದವು. ಅವನಿಗೆ ರಜೆಯಿದ್ದಾಗ ಅವಳಿಗೆ ಪುರುಸೊತ್ತಿಲ್ಲ, ಅವಳಿಗೆ ಪುರುಸೊತ್ತಾದಾಗ ಅವನು ಬಸ್ಸಿನಲ್ಲಿ. ಹಾಗಾಗಿ ಊರಿಗೂರೇ ಕೇಳಿದ ಮೈಕಣ್ಣನ ಮಾತನ್ನು ಕೇಳದೆ ಉಳಿದವಳು ಅವನ ಹೆಂಡತಿಯೊಬ್ಬಳೇ.

ಅವಳನ್ನು ಅವನು ಹೆಸರು ಹಿಡಿದು ಕರೆದವನಲ್ಲ. "ಗಡಿಬಿಡಿ" ಎನ್ನುತ್ತಿದ್ದ. ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಕತ್ತರಿಸಲು ಕೂರುವ, ಬಟ್ಟೆ ಬಿಟ್ಟು ಹಾಲಿಗೆ ಓಡುವ ಹೆಂಗಸಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ ಅನ್ನಿ. "ಗಡಿಬಿಡೀ, ನನ್ನ ಕನ್ನಡಕ ಎಲ್ಲಿ?" "ಗಡಿಬಿಡೀ, ಬಾಗಿಲು ತೆಗಿ." ಆ ಕೂಗು ನಿಂತುಹೋಗಿ ಬಹಳ ಕಾಲವಾಗಿತ್ತು. ಮೊದಲು ಕನ್ನಡಕ ಮರೆತ, ಆಮೇಲೆ ಬೀದಿ ಮರೆತ, ಕೊನೆಗೆ ಅವಳನ್ನೇ ಮರೆತ. ಹೋದ ತಿಂಗಳು ಮಲಗುವ ಕೋಣೆಗೆ ಹೋದವಳನ್ನು "ಯಾರಮ್ಮ ನೀನು, ಹೇಳದೆ ಕೇಳದೆ ಒಳಗೆ ಬರ್ತೀಯಾ?" ಎಂದು ದಬ್ಬಿಬಿಟ್ಟ. ಮಣಿಕಟ್ಟು ಮುರಿದದ್ದು ಹಾಗೆ.

ಮಗಳು ಅಂದೇ ಹಟ ಹಿಡಿದಳು. ಇಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯನ್ನು ಹುಡುಕಿದಳು, ಮಾತೂ ಆಡಿ ಬಂದಳು. "ಈ ಸಲ ಕೈ. ಮುಂದಿನ ಸಲ ಕುತ್ತಿಗೆ ಆದ್ರೆ ನಾನು ಯಾರನ್ನ ಕೇಳ್ಲಿ ಅಮ್ಮ?" ಎಂದಳು. ಅದಕ್ಕೆ ಇವಳು ಒಂದು ಬೇಡಿಕೆ ಮಾತ್ರ ಇಟ್ಟಳು. ಒಂದೇ ಒಂದು ಸಲ ಅವನ ಬಸ್ಸಿನಲ್ಲಿ ಅವನನ್ನು ಕರೆದುಕೊಂಡು ಹೋಗಿ ಬರುತ್ತೇನೆ. ಆ ದಾರಿಯಲ್ಲಾದರೂ ಅವನು ನನ್ನ ಗುರುತು ಹಿಡಿದರೆ ಮನೆಯಲ್ಲೇ ಇರಲಿ. ಹಿಡಿಯದಿದ್ದರೆ ನೀನು ಹೇಳಿದ ಹಾಗೆ. ಮಗಳು ಸುಸ್ತಾಗಿ ಒಪ್ಪಿದ್ದಳು. ಸಂಜೆ ಬಸ್‌ಸ್ಟ್ಯಾಂಡಿಗೆ ಅವಳ ಕಾರು ಬರುತ್ತದೆ. ಅವನ ಪೆಟ್ಟಿಗೆ ಬೆಳಗ್ಗೆಯೇ ಕಾರಿನ ಡಿಕ್ಕಿ ಸೇರಿತ್ತು.

ಈಗಿನ ಗೈಡು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಪಾಪ, ಅವಳಿಗೆ ನೆಗಡಿ. ಎರಡು ವಾಕ್ಯ ಹೇಳಿ ಮೂರನೆಯದಕ್ಕೆ ಕೆಮ್ಮುತ್ತಿದ್ದಳು. ಬಸ್ಸು ಗುಡ್ಡ ಹತ್ತುತ್ತಿದ್ದಂತೆ ತಿರುವಿನಲ್ಲಿ ಸಮುದ್ರ ಇದ್ದಕ್ಕಿದ್ದಂತೆ ಕೆಳಗೆ ಹರಡಿಕೊಂಡಿತು. ಹುಡುಗಿ ಕೆಮ್ಮುತ್ತ ಎಡಗಡೆ ಕೈ ತೋರಿಸಿದಳು. ಮೈಕಣ್ಣನ ಬೆನ್ನು ನೆಟ್ಟಗಾಯಿತು. ಅವನು ಎದ್ದು, ಕಂಬಿ ಹಿಡಿಯದೆ, ತಿರುವಿಗೆ ಸರಿಯಾಗಿ ಮೈ ವಾಲಿಸುತ್ತ ಮುಂದಕ್ಕೆ ನಡೆದ. ಮನೆಯ ಹೊಸ್ತಿಲು ದಾಟುವಾಗ ಗೋಡೆ ಹಿಡಿಯುವ ಮನುಷ್ಯ! ಡ್ರೈವರು ಹಳಬ, ಮೈಕಣ್ಣನ ಜೊತೆ ವರ್ಷಗಟ್ಟಲೆ ದುಡಿದವನು. ಕನ್ನಡಿಯಲ್ಲಿ ನೋಡಿ, "ಅವರಿಗೆ ಕೊಡಮ್ಮ ಮೈಕು," ಎಂದ. ಹುಡುಗಿ ಸಂತೋಷದಿಂದಲೇ ಕೊಟ್ಟಳು.

"ಎಲ್ಲರೂ ಎಡಗಡೆ ನೋಡಿ," ಎಂದಿತು ಮೈಕಣ್ಣನ ದನಿ. "ಬಲಗಡೆ ಕೂತವರು ಎಡಗಡೆಯವರ ತಲೆ ನೋಡಿ. ವಾಪಸ್ಸು ಬರುವಾಗ ಅವರು ನಿಮ್ಮ ತಲೆ ನೋಡ್ತಾರೆ, ಅಲ್ಲಿಗೆ ಸರಿಹೋಯ್ತು."

ಬಸ್ಸು ಗೊಳ್ಳೆಂದಿತು. ಅವಳು ಮಾತ್ರ ಬಾಯಿ ತೆರೆದು ಕೂತಳು.

"ಅಲ್ಲೊಂದು ದೊಡ್ಡ ಬಂಡೆ ಕಾಣ್ತಿದೆಯಲ್ಲ, ಅದು ಅತ್ತೆ ಬಂಡೆ. ಅಲೆ ಎಷ್ಟು ಬಡಿದ್ರೂ ಕರಗಲ್ಲ. ಪಕ್ಕದಲ್ಲಿ ಸಣ್ಣದೊಂದಿದೆ ನೋಡಿ, ಅದು ಅಳಿಯ. ವರ್ಷಾ ವರ್ಷ ಸವೀತಾನೇ ಇದಾನೆ."

ದಾರಿಯುದ್ದಕ್ಕೂ ಹೀಗೇ. ದೀಪಸ್ತಂಭ ಬಂದಾಗ ದೀಪಸ್ತಂಭದ ಮಾತು, ಮೀನುಗಾರರ ದೋಣಿ ನಿಲ್ಲುವ ದಕ್ಕೆ ಬಂದಾಗ ದಕ್ಕೆಯ ಮಾತು. ಎಲ್ಲೂ ತಡವರಿಸಲಿಲ್ಲ. ಅವಳು ಸಮುದ್ರವನ್ನು ನೋಡಲೇ ಇಲ್ಲ. ಅವನ ಮುಖದಲ್ಲಿ ಬಣ್ಣ ಬರುತ್ತಿರುವುದನ್ನು ನೋಡುತ್ತ ಕೂತಳು. ಖಾಲಿಯಾದ ಪಕ್ಕದ ಸೀಟಿನಲ್ಲಿ ಅವನು ಕಳಚಿ ಹೋದ ಸ್ವೆಟರು ಬಿದ್ದಿತ್ತು. ಈವತ್ತು ಆಗುತ್ತದೆ, ಇನ್ನೇನು ಆಗಿಯೇ ಬಿಡುತ್ತದೆ ಎಂದುಕೊಂಡಳು. ಬಸ್ಸಿನಿಂದ ಇಳಿದಲ್ಲೆಲ್ಲ ಅವನ ಹತ್ತಿರ ಹತ್ತಿರ ನಿಂತಳು. ಅವನು ಜನರ ನಡುವೆಯೇ ಇದ್ದ.

ಮಧ್ಯಾಹ್ನ ವೈನು ಮಾಡುವ ಕಟ್ಟಡಕ್ಕೆ ಬಂದರು. ಹೊರಗೆ ಸಾಲು ಸಾಲು ದ್ರಾಕ್ಷಿ ಬಳ್ಳಿ, ಒಳಗೆ ತಣ್ಣಗಿನ ಕಲ್ಲು ನೆಲ, ಗೋಡೆಗೆ ಒರಗಿಸಿದ ದೊಡ್ಡ ಪೀಪಾಯಿಗಳು, ಹುಳಿಯೂ ಒದ್ದೆ ಮರವೂ ಬೆರೆತ ವಾಸನೆ. ಉದ್ದನೆಯ ಮೇಜಿನ ಮೇಲೆ ಗ್ಲಾಸುಗಳನ್ನು ಬೋರಲು ಹಾಕಿದ್ದರು. ಬಡಿಸುವವನು ಮೈಕಣ್ಣನನ್ನು ಕಂಡು ಬಾಟಲಿಯನ್ನು ತಾನಾಗಿಯೇ ಅವನ ಕೈಗಿತ್ತ.

"ಮೊದಲು ನೋಡಿ," ಎಂದ ಮೈಕಣ್ಣ, ಒಂದು ಗ್ಲಾಸಿಗೆ ಎರಡು ಬೆರಳಷ್ಟು ಸುರಿದು ಕಿಟಕಿಯ ಬೆಳಕಿಗೆ ಹಿಡಿಯುತ್ತ. "ಆಮೇಲೆ ಮೆಲ್ಲಗೆ ತಿರುಗಿಸಿ. ಆಮೇಲೆ ಮೂಗು. ಬಾಯಿ ಎಲ್ಲಕ್ಕಿಂತ ಕೊನೆಗೆ. ಅವಸರ ಮಾಡಿದ್ರೆ ಬರೀ ಹುಳಿ ಸಿಗುತ್ತೆ." ಒಂದು ಕ್ಷಣ ನಿಲ್ಲಿಸಿದ. "ನಮ್ಮ ಮನೇಲೊಬ್ಬಳಿದಾಳೆ. ಗಡಿಬಿಡಿ ಅಂತ ಹೆಸರು."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ನಿಂತ್ಕೊಂಡೇ ನೀರು ಕುಡೀತಾಳೆ, ನಿಂತ್ಕೊಂಡೇ ಊಟ ಮಾಡ್ತಾಳೆ. ನನ್ನ ಮದುವೆಯಾಗಿದ್ದೂ ಗಡಿಬಿಡೀಲೇ. ನಿಧಾನವಾಗಿ ನೋಡಿದ್ರೆ ಒಪ್ತಿದ್ದಳಾ?" ಜನ ನಗುತ್ತಿದ್ದರು. ಅವನು ಗ್ಲಾಸು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಅವಳ ಕಡೆಗೇ ಬರುತ್ತಿದ್ದ. "ಈ ಗ್ಲಾಸು ಕೊಟ್ರೆ ಒಂದೇ ಗುಟುಕಿಗೆ ಮುಗಿಸಿ, ತೊಳೆದು ಬೋರಲು ಹಾಕ್ತಾಳೆ. ಆದ್ರೆ ಒಂದು ಮಾತು. ಅವಳು ಹಾಗೆ ಓಡಾಡಿದ್ದಕ್ಕೇ ನಾನಿಲ್ಲಿ ನಿಂತು ನಿಧಾನದ ಪಾಠ ಹೇಳ್ತಿದೀನಿ."

ಗ್ಲಾಸನ್ನು ಅವಳ ಬಲಗೈಗಿತ್ತು, ಬೆರಳುಗಳನ್ನು ಅದರ ಕಾಲಿನ ಸುತ್ತ ತಾನೇ ಮಡಿಸಿದ. "ನೀವು ಆರಾಮವಾಗಿ ಕುಡೀರಿ. ಈವತ್ತು ನಿಮಗೆ ಯಾವ ಕೆಲಸಾನೂ ಇಲ್ಲ," ಎಂದ. ಆ ಕಣ್ಣಿನಲ್ಲಿ ಅಕ್ಕರೆ ತುಂಬಿತ್ತು. ಸುಳ್ಳಲ್ಲ, ನಿಜವಾಗಿ ತುಂಬಿತ್ತು.

ನಾಲ್ಕು ಜನರೆದುರು 'ನೀವು' ಅಂದನಲ್ಲ, ಮಹಾ ಮರ್ಯಾದಸ್ಥ, ಎಂದುಕೊಂಡು ಅವಳು ನಕ್ಕಳು. ನಗುವಿನ ಜೊತೆಗೇ ಅಳು ಬಂತು. ಜೀವನದಲ್ಲಿ ಮೊದಲ ಸಲ ಅವಳು ವೈನು ಕುಡಿದಳು, ಅವನು ಹೇಳಿದಂತೆ ನೋಡಿ, ತಿರುಗಿಸಿ, ಮೂಸಿ. ಹುಳಿ ಕಳೆದ ಮೇಲೆ ನಾಲಿಗೆಯ ಬದಿಯಲ್ಲಿ ಏನೋ ಸಿಹಿಯಂಥದ್ದು ಉಳಿಯಿತು.

ಗ್ಲಾಸಿಟ್ಟು ಅಂಗಳಕ್ಕೆ ಓಡಿ ಮಗಳಿಗೆ ಫೋನು ಹಚ್ಚಿದಳು. "ಗುರುತು ಹಿಡಿದ್ರು ಕಣೇ! ಗಡಿಬಿಡಿ ಅಂದ್ರು. ಎಲ್ಲರ ಮುಂದೆ ನನ್ನ ಮಾನ ಕಳೆದ್ರು!"

ಆ ಕಡೆಯಿಂದ ಮೂಗು ಒರೆಸುವ ಸದ್ದು. "ನಿಜವಾಗ್ಲೂ ಅಮ್ಮ?"

"ನಿನ್ನಾಣೆ. ಪೆಟ್ಟಿಗೆ ಇಳಿಸಿಬಿಡು. ಬಟ್ಟೆಯೆಲ್ಲ ಬೀರುವಿನಲ್ಲಿ ಮೊದಲಿದ್ದ ಹಾಗೇ ಇಡು."

"ಇಡ್ತೀನಮ್ಮ," ಎಂದಳು ಮಗಳು. ಅವಳೂ ಅಪ್ಪನನ್ನು ಕಳಿಸುವ ಉತ್ಸಾಹದಲ್ಲೇನೂ ಇರಲಿಲ್ಲ.

ಅಂಗಳದ ಬೆಂಚಿನ ಮೇಲೆ ಡ್ರೈವರು ಕಾಫಿ ಕುಡಿಯುತ್ತಿದ್ದ. ಅವಳು ಅವನ ಪಕ್ಕ ಕೂತಳು. ಅಷ್ಟರಲ್ಲಿ ಇನ್ನೊಂದು ಬಸ್ಸಿನ ಜನ ಒಳಗೆ ಹೋದರು. ತುಸು ಹೊತ್ತಿಗೆ ತೆರೆದ ಕಿಟಕಿಯಿಂದ ಮೈಕಣ್ಣನ ದನಿ ಬಂತು. "ಮೊದಲು ನೋಡಿ. ಆಮೇಲೆ ಮೆಲ್ಲಗೆ ತಿರುಗಿಸಿ." ಡ್ರೈವರು ಬಳ್ಳಿಗಳ ಕಡೆ ನೋಡುತ್ತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು.

"ನಮ್ಮ ಮನೇಲೊಬ್ಬಳಿದಾಳೆ," ಎಂದಿತು ಕಿಟಕಿ. ಡ್ರೈವರನ ತುಟಿಯೂ ಅದನ್ನೇ ಅಂದಿತು. "ಗಡಿಬಿಡಿ ಅಂತ ಹೆಸರು." ಅದನ್ನೂ ಅಂದಿತು. ನಿಂತುಕೊಂಡೇ ನೀರು, ನಿಂತುಕೊಂಡೇ ಊಟ, ಗಡಿಬಿಡಿಯ ಮದುವೆ, ಒಂದಕ್ಷರ ಆಚೀಚೆ ಇಲ್ಲ. ಅವಳು ನೋಡುತ್ತಿರುವುದು ಗೊತ್ತಾಗಿ ಅವನು ಬಾಯಿ ಮುಚ್ಚಿ ಲೋಟ ಕೆಳಗಿಟ್ಟ.

"ಪ್ರತಿ ಸಲಾನೂ ಹೇಳ್ತಿದ್ರಾ?" ಎಂದಳು.

"ಪ್ರತಿ ಸಲ, ಅತ್ತಿಗೆ. ನಿಮ್ಮ ಮಾತಿಲ್ದೆ ಒಂದು ದಿನಾನೂ ಬಾಟಲಿ ತೆಗೀಲಿಲ್ಲ." ಸಮಾಧಾನ ಹೇಳುತ್ತಿದ್ದೇನೆಂದೇ ಅವನು ತಿಳಿದಿದ್ದ. "ನೀವು ಒಂದು ಸಲಾನೂ ಕೇಳಿರಲಿಲ್ವಾ?"

"ಮತ್ತೆ ಆ ಗ್ಲಾಸು? ನನ್ನ ಹತ್ರಾನೇ ಬಂದು ಕೊಟ್ರಲ್ಲ."

ಡ್ರೈವರು ಲೋಟದ ಅಂಚನ್ನು ಉಜ್ಜಿದ. "ಮೊದಲನೇ ಗ್ಲಾಸು ಒಬ್ಬರೇ ಬಂದ ಹೆಂಗಸಿಗೆ, ಅತ್ತಿಗೆ. ಪಕ್ಕದ ಸೀಟು ಖಾಲಿ ಇರೋರನ್ನ ಮೈಕಣ್ಣ ಬೆಳಗ್ಗೆನೇ ನೋಡಿಟ್ಕೊಂಡಿರ್ತಿದ್ರು. ಜೊತೆ ಇಲ್ಲದೋರಿಗೆ ಬೇಜಾರಾಗಬಾರದು ಅಂತ."

ಒಳಗೆ ಜನ ನಕ್ಕರು. ಯಾವಳೋ ಒಬ್ಬಳ ಕೈಯಲ್ಲಿ ಈಗ ಗ್ಲಾಸಿರಬೇಕು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಲೋಕದ ದಾರಿಹೋಕರೆಲ್ಲ ಕೇಳಿ ನಕ್ಕು ಮೆಚ್ಚಿಕೊಂಡ ಮಾತನ್ನು ನನಗೊಬ್ಬಳಿಗೆ ಹೇಳಲು ಇವನಿಗೆ ಗಂಟಲು ಬತ್ತಿತ್ತೇ? ಆಮೇಲೆ ಸಿಟ್ಟೂ ಹೋಗಿ ಎದೆ ಬರಿದಾಯಿತು. ಫೋನು ಕೈಯಲ್ಲೇ ಇತ್ತು. ಮಗಳು ಈಗ ಅಂಗಿಗಳನ್ನು ಮಡಿಸಿ ಬೀರುವಿನಲ್ಲಿ ಇಡುತ್ತಿರಬೇಕು. ಇಡಲಿ. ಡ್ರೈವರು ಬಾಯಿ ಬಿಡುವವನಲ್ಲ. ಗಡಿಬಿಡಿ ಎಂದದ್ದಂತೂ ನಿಜ. ನಾನು ಸುಳ್ಳು ಹೇಳಿದಂತೆ ಹೇಗಾಗುತ್ತದೆ? ಫೋನನ್ನು ಚೀಲದೊಳಗೆ ತುರುಕಿದಳು.

ವಾಪಸ್ಸು ಬರುವಾಗ ಬಿಸಿಲು ಇಳಿದಿತ್ತು. ವೈನು ಕುಡಿದ ಜನ ತೂಕಡಿಸುತ್ತಿದ್ದರು. ಮೈಕಣ್ಣ ಸೀಟುಗಳ ಬೆನ್ನು ಮುಟ್ಟುತ್ತ, ತಲೆ ಎಣಿಸುತ್ತ ಬಂದ. ಅವಳ ಹತ್ತಿರ ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಗಡಿಬಿಡಿ ಹೇಗಿದಾಳೆ?" ಎಂದು ಮೆಲ್ಲಗೆ ಕೇಳಿದಳು.

ಅವನ ಮುಖ ಅರಳಿತು. "ಚೆನ್ನಾಗಿದಾಳೆ. ಮನೇಲಿ ಕಾಯ್ತಾ ಇರ್ತಾಳೆ." ಆಮೇಲೆ ಬಗ್ಗಿ, ದನಿ ತಗ್ಗಿಸಿದ. "ಈವತ್ತು ಬೇಗ ಹೋಗ್ಬೇಕು ನಾನು. ಮನೇಲಿ ಯಾರೋ ಒಬ್ಬಳು ಮುದುಕಿ ಬಂದು ಸೇರ್ಕೊಂಡಿದಾಳೆ. ಗಡಿಬಿಡಿ ಮೆತ್ತಗೆ, ಅವಳಿಂದಾಗಲ್ಲ. ಒಂದು ಸಲ ತಳ್ಳಿದೆ, ಮತ್ತೆ ಬಂದ್ಲು. ಈ ಸಲ ಬಿಡಲ್ಲ."

"ಬಿಡಬೇಡಿ," ಎಂದಳು ಅವಳು.

ಅವನು ಎಣಿಕೆ ಮುಂದುವರಿಸಿದ. ಅತ್ತೆ ಬಂಡೆ ಕಪ್ಪಗೆ ದಾಟಿಹೋಯಿತು. ಬಲಗಡೆಯ ಜನ ಈಗ ಸಮುದ್ರ ನೋಡಿದರು, ಎಡಗಡೆಯವರು ಅವರ ತಲೆ ನೋಡಿದರು. ಅವಳು ಚೀಲದಿಂದ ಫೋನು ತೆಗೆದಳು.

"ಪೆಟ್ಟಿಗೆ ಇಳಿಸಿದ್ಯಾ?"

"ಇಳಿಸಿದೆ ಅಮ್ಮ. ಎಲ್ಲ ಜೋಡಿಸಿಟ್ಟೆ. ಅಪ್ಪನ ಹಾಸಿಗೆಗೆ ಹೊಸ ಹೊದಿಕೆ..."

"ಮತ್ತೆ ತುಂಬು. ಬಿಳೀ ಅಂಗಿ ಮೇಲಿಡು, ಮುದುರುತ್ತೆ." ಮಗಳು ಏನೋ ಕೇಳುತ್ತಿದ್ದಳು. ಇವಳು ಫೋನು ಇಟ್ಟಳು.

ಬಸ್‌ಸ್ಟ್ಯಾಂಡಿನಲ್ಲಿ ಮೈಕಣ್ಣ ಎಲ್ಲರಿಗಿಂತ ಮೊದಲು ಇಳಿದು, ಬಾಗಿಲ ಬಳಿ ನಿಂತು, ಒಬ್ಬೊಬ್ಬರಿಗೂ ಕೈ ಕೊಟ್ಟು ಇಳಿಸಿದ. ಅವಳು ಕೊನೆಯವಳು. ಪಟ್ಟಿ ಕಟ್ಟಿದ ಕೈಯನ್ನು ಅವನು ಬೆಳಗ್ಗಿನಿಂದ ಈಗಷ್ಟೇ ಕಂಡ.

"ಅಯ್ಯೋ, ಕೈಗೇನಾಯ್ತು?"

"ಮನೇಲಿ ಬಿದ್ದೆ."

"ನೋಡ್ಕೊಳ್ಳೋರು ಯಾರಾದ್ರೂ ಇದಾರೆ ತಾನೆ?" ಎಂದು ಕೇಳಿ, ಆ ಕೈಗೆ ನೋವಾಗದ ಹಾಗೆ ಮೊಣಕೈ ಹಿಡಿದು, ಹೂವಿನಂತೆ ಇಳಿಸಿದ. ಆಮೇಲೆ ಯಾರಾದರೂ ಏನಾದರೂ ಬಿಟ್ಟುಹೋಗಿದ್ದಾರೋ ನೋಡಲು ಬಸ್ಸು ಹತ್ತಿದ. ಗೈಡುಗಳ ಕೊನೆಯ ಕೆಲಸ ಅದು.

ಮಗಳ ಕಾರು ದೀಪದ ಕಂಬದ ಕೆಳಗೆ ನಿಂತಿತ್ತು. ಮಗಳು ಕಾರಿಗೆ ಒರಗಿ ನೆಲ ನೋಡುತ್ತಿದ್ದಳು, ಹತ್ತಿರ ಬರಲಿಲ್ಲ. ಪ್ರವಾಸಿಗರು ಚದುರಿಹೋದರು. ಬಸ್ಸಿನೊಳಗೆ ಅವನು ಒಂದೊಂದೇ ಸೀಟಿಗೆ ಬಗ್ಗಿ ಬಗ್ಗಿ ಹಿಂದಕ್ಕೆ ಹೋಗುವುದು ಕಿಟಕಿಗಳಲ್ಲಿ ಕಾಣುತ್ತಿತ್ತು. ಅವಳು ಕೂತಿದ್ದ ಸೀಟಿನ ಹತ್ತಿರ ನಿಂತ. ಕಿಟಕಿಯ ಗಾಜು ಸರಿಸಿ, ಹಸಿರು ತೇಪೆಯ ಕಂದು ಸ್ವೆಟರನ್ನು ಹೊರಗೆ ಎತ್ತಿ ಹಿಡಿದ.

"ಯಾರದಿದು?" ಎಂದು ಖಾಲಿ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ. "ಯಾರೋ ಸ್ವೆಟರ್ ಬಿಟ್ಟುಹೋಗಿದೀರಾ!"

ಅವಳು ಪಟ್ಟಿಯಿಲ್ಲದ ಕೈಯನ್ನು ಮೇಲೆತ್ತಿದಳು.