ಹೊಟ್ಟೆಯ ಮೇಲಿನ ಏಳು ಬರೆ

ಡಾಕ್ಟರ ಬೆರಳು ತಣ್ಣಗಿದೆ, ಹೊಕ್ಕುಳ ಸುತ್ತ ಒಂದೊಂದೇ ಬರೆ ಮುಟ್ಟಿಕೊಂಡು ಹೋಗುತ್ತಿದೆ — ಏನಯ್ಯಾ ಆವಲಪ್ಪ, ಇದೆಲ್ಲ ಯಾತಕ್ಕೆ ಹಾಕಿದ್ದು — ಚಿಕ್ಕೋನಿದ್ದಾಗ ಉಬ್ಬಸ ಇತ್ತು ಸ್ವಾಮಿ, ಅಂದುಬಿಟ್ಟೆನಲ್ಲ, ಥೂ, ಈ ಬಾಯಿಗೆ ಮಣ್ಣು ಬೀಳ, ಕಾಮಾಲೆ ಅನ್ನಬಹುದಿತ್ತು, ಕಾಮಾಲೆಗೂ ಹಾಕ್ತಾರೆ, ನಮ್ಮ ಅಮೃತಹಳ್ಳೀಲಿ ಯಾವುದಕ್ಕೆ ತಾನೇ ಹಾಕಲ್ಲ — ಹಿಂದೆ ಅಂಗಿ ಬಿಚ್ಚಿ ಸಾಲಲ್ಲಿ ನಿಂತವನೊಬ್ಬ ಕಿಸಕ್ಕನೆ ನಕ್ಕ, ಏನ್ ಗುರು, ಹೊಟ್ಟೆ ಮೇಲೆ ರೈಲು ಹಳಿ ಹಾಕ್ಸಿದ್ದೀಯಾ, ನಗಲಿ, ಅವನ ಹೊಟ್ಟೆ ನುಣ್ಣಗಿದೆ, ಗೊರಗುಂಟೆಪಾಳ್ಯದ ಈ ಹೊಸ ಕಾರ್ಖಾನೇಲಿ ಕೆಲಸ ಅವನದೇ. ಆವತ್ತು ಅಜ್ಜಿ ಸೊಣ್ಣಮ್ಮ ಬಳೆ ಚೂರನ್ನು ಕೆಂಡದಲ್ಲಿಟ್ಟು ಊದುತ್ತಿದ್ದಳು, ಅವ್ವ ಕಾಲು ಅದುಮಿ ಹಿಡಿದಿದ್ದಳು, ಅಳಬ್ಯಾಡ ಕಣೋ ಮಗ, ಇನ್ನೊಂದೇ ಒಂದು, ಇನ್ನೊಂದೇ ಒಂದು ಅಂತಲೇ ಏಳಾಯಿತು, ಎದೆ ಮಾತ್ರ ಕುಯ್ಯೋ ಅನ್ನುತ್ತಲೇ ಇತ್ತು, ನೇಗಿಲು ಮುಟ್ಟೋಕೆ ಅಪ್ಪ ಬಿಡಲಿಲ್ಲ, ಇವನ ಕೈಲೆಲ್ಲಿ ಆಯ್ತದೆ, ಕುಂತು ಮಾಡೋ ಕೆಲಸ ಕಲೀಲಿ, ಅಂತ ಯಲಹಂಕದ ದರ್ಜಿ ಅತಾವುಲ್ಲಾ ಸಾಬರ ಅಂಗಡಿಗೆ ತಳ್ಳಿದ, ನನ್ನ ವಾರಗೆಯವರು ಕೆರೇಲಿ ಈಜು ಬೀಳುವಾಗ ನಾನು ಅವರ ಅಂಗಿಗೆ ಕಾಜ ಮಾಡುತ್ತಿದ್ದೆ, ಆರು ವರ್ಷ, ಕುಂತು, ಕುಂತು, ಕೊನೆಗೆ ಸಾಬರೇ ರೇಗಿದರು, ಅರೆ, ಉಬ್ಬಸ ಬಿಟ್ಟು ಎರಡು ಮಳೆಗಾಲ ಆಯ್ತಲ್ಲೋ, ಇನ್ನೂ ಯಾಕೋ ಇಲ್ಲಿ ಕೊಳೀತೀಯ, ಏಳು. ಎದ್ದೆ. ಫಿಟ್ಟರ್ ಕೆಲಸವೇ ಬೇಕು ಅಂದಿದ್ದು ಅದಕ್ಕೇ, ನಿಂತು ಮಾಡೋ ಕೆಲಸ, ಮೈ ಬಗ್ಗಿಸಿ ಮಾಡೋ ಕೆಲಸ, ದಿನಾ ಬೆಳಗ್ಗೆ ಹೆಬ್ಬಾಳದ ಕೆರೆ ಏರಿ ಮೇಲೆ ಓಡಿದೀನಿ, ಒಂದು ದಿನ ಏದುಸಿರು ಬಂದಿದ್ದರೆ ಕೇಳಿ, ನಿನ್ನೆ ಇಲ್ಲೇ ಅರ ಹಿಡಿದು ಕಬ್ಬಿಣ ಉಜ್ಜಿ ತೋರಿಸಿದೆ, ಮೇಸ್ತ್ರಿ ಭೇಷ್ ಅಂದ, ಡಾಕ್ಟರು ಮೈ ನೋಡೋದು ಇದೊಂದು ಉಳಿದಿತ್ತು, ಇದೊಂದೇ — ಇಲ್ಲಿ ಹೊಗೆ, ದೂಳು ಜಾಸ್ತಿ ಕಣಯ್ಯಾ, ನಿನಗಾಗಲ್ಲ, ಕೂತು ಮಾಡೋ ಕೆಲಸ ಯಾವುದಾದರೂ ನೋಡ್ಕೊ — ಅಪ್ಪನ ಮಾತೇ, ಓದಿದವನ ಬಾಯಲ್ಲೂ ಅದೇ ಮಾತು, ಆಗ ಸುಟ್ಟಿದ್ದು ಕಾಯಿಲೆಯನ್ನಲ್ಲ ಕಣಜ್ಜೀ, ಇವತ್ತಿನ ದಿನವನ್ನ — ಸ್ವಾಮಿ, ಎದೆ ನೋಡಿ ಸ್ವಾಮಿ, ಬೇಕಾದರೆ ಓಡಿ ತೋರಿಸ್ತೀನಿ — ಆಯ್ತಾಯ್ತು, ಅಂಗಿ ಹಾಕ್ಕೊ, ಮುಂದಿನವನು ಬಾ — ಆಗಲೇ ಪೆನ್ನು ತೆಗೆದಿದ್ದಾನೆ, ಹೊಟ್ಟೆ ನೋಡಿ ಎದೆಯ ಹಣೆಬರಹ ಬರೀತಾನಲ್ಲ, ಮುಂಡೇದು, ಹಾಕ್ಕೊಳಲ್ಲ ಅಂಗಿ, ಎದೆ ತುಂಬ ಉಸಿರೆಳೆದು ಹಿಡಿದು ನಿಂತಿದೀನಿ, ಒಂದು ಸಲ ಕಿವಿಗಿಟ್ಟುಕೊಂಡು ಕೇಳಯ್ಯಾ, ಒಂದೇ ಸಲ — ಎದೆ ಬಡಿತ ಕೇಳೋ ಆ ಕೊಳವೆ ಅವನ ಕತ್ತಿನಲ್ಲಿ ಸುಮ್ಮನೆ ನೇತಾಡುತ್ತಿದೆ, ಬಗ್ಗಿ ಬರೆಯುವಾಗ ಅದರ ಬಿಲ್ಲೆ ನನ್ನ ಎದೆಯ ಕಡೆ ತೂಗಿ ಬರುತ್ತದೆ, ಮುಟ್ಟದೆ ಹಿಂದಕ್ಕೆ ಹೋಗುತ್ತದೆ, ತೂಗಿ ಬರುತ್ತದೆ, ಮುಟ್ಟದೆ